ಬೆಳ್ಳಿ ಹಂತದ ಚಾರಣ: ತರಬೇತಿ ಸೊಗಸು, ಡೇರೆ ಸೋರಿಕೆ

ಯುವಜನರ ಸ್ವಾವಲಂಬನೆಗಾಗಿ ಬ್ರಿಟನ್ನಿನಲ್ಲಿ 1956ರಲ್ಲಿ ಆರಂಭವಾದ, ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳ ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿಯ ಬೆಳ್ಳಿ ಹಂತದ ಚಾರಣದಲ್ಲಿ 4ರಿಂದ 7 ಮಂದಿಯ ತಂಡವು 3 ಹಗಲು, 2 ರಾತ್ರಿ ತನ್ನ ಊಟ, ವಸತಿ, ದಾರಿ ಎಲ್ಲವನ್ನೂ ತಾನೇ ನೋಡಿಕೊಳ್ಳಬೇಕು. ಇದಕ್ಕಾಗಿ ನನ್ನ ಮಗಳ ಶಾಲೆ ಗೊತ್ತುಮಾಡಿದ್ದ ಸಂಸ್ಥೆಯ ತರಬೇತಿ ನಿಜಕ್ಕೂ ಮೆಚ್ಚುವಂಥದ್ದು. ದಿಕ್ಸೂಚಿಯ ಅಂಚನ್ನು ನಕ್ಷೆಯ ಮೇಲೆ ಹೊಂದಿಸಿ ನಡೆಯಬೇಕಾದ ದಿಕ್ಕನ್ನು ಕಂಡುಕೊಳ್ಳುವುದನ್ನು ಅವರು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿದರು. ಕವಲುದಾರಿಯಲ್ಲಿ ಮಕ್ಕಳು ತಪ್ಪಿ ಅರ್ಧ ಗಂಟೆ ಅಲೆದಾಗಲೂ, ದೂರದಿಂದ ಗಮನಿಸುತ್ತಿದ್ದ ಮೇಲ್ವಿಚಾರಕರು ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು ಸುಮ್ಮನಿದ್ದರಂತೆ. ತಾಯಿಯಾಗಿ ನನಗೆ ಕೇಳಿದಾಗ ಕಸಿವಿಸಿಯಾದರೂ, ಈ ಪ್ರಶಸ್ತಿ ಬಯಸುವುದು ಅದನ್ನೇ.

ಬಾಡಿಗೆ ಸಾಮಗ್ರಿಯ ವಿಷಯದಲ್ಲಿ ಮಾತ್ರ ಸಂಸ್ಥೆ ಅಸಡ್ಡೆ ತೋರಿದೆ. ಡೇರೆಯ ಹೊರಹೊದಿಕೆಯ ಹೊಲಿಗೆಗೆ ಅಂಟಿಸಿದ್ದ ಪಟ್ಟಿ ಒಂದು ಗೇಣಿನಷ್ಟು ಕಿತ್ತುಬಂದಿದ್ದರಿಂದ, ಎರಡನೆಯ ರಾತ್ರಿಯ ಮಳೆಗೆ ನೀರು ತೊಟ್ಟಿಕ್ಕಿ ಮಲಗುವ ಚೀಲದ ಕಾಲಭಾಗ ಪೂರ್ತಿ ತೊಯ್ದಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದ ಒಂದು ಜೊತೆ ಒಣ ಕಾಲುಚೀಲವೇ ಅವಳನ್ನು ಕಾಪಾಡಿತು. ದೂರು ಕೊಟ್ಟ ಮೇಲೆ ಬಾಡಿಗೆ ಹಣ ಹಿಂದಿರುಗಿಸಿದರು. ಚಿನ್ನದ ಹಂತಕ್ಕೂ ಇವರ ತರಬೇತಿಯನ್ನೇ ಆರಿಸಿಕೊಳ್ಳುತ್ತೇವೆ, ಡೇರೆ ಮಾತ್ರ ನಮ್ಮದೇ.