ಎರಡು ಯೂರೋ ಬಣ್ಣದ ಪೊಟ್ಟಣಕ್ಕಿಂತ ಈರುಳ್ಳಿ ಸಿಪ್ಪೆಯೇ ವಾಸಿ

ನಾವಿರುವುದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಮಗಳಿಗೆ ನಾಲ್ಕು ವರ್ಷ. ಈಸ್ಟರ್ ಬಂತೆಂದರೆ ಅವಳ ಶಿಶುವಿಹಾರದಲ್ಲಿ ಮೊಟ್ಟೆಯದೇ ಮಾತು, ಮನೆಗೆ ಬಂದರೂ ಅದೇ ಜಪ. ಹಾಗಾಗಿ ಗುರುವಾರ ಸಂಜೆ ಸೂಪರ್ ಮಾರ್ಕೆಟ್ಟಿಗೆ ಓಡಿ, ಬಿಲ್ ಕೌಂಟರ್ ಪಕ್ಕ ನೇತುಹಾಕಿದ್ದ ಮೊಟ್ಟೆ ಬಣ್ಣದ ಪೊಟ್ಟಣವೊಂದನ್ನು ತಂದೆ. ಬೆಲೆ 1.99 ಯೂರೋ. ಒಳಗೆ ಐದು ಬಣ್ಣದ ಮಾತ್ರೆ, ಮೊಟ್ಟೆ ಎತ್ತಲು ತಂತಿಯ ಸೌಟು, ಹಾಕುವಾಗಲೇ ಹರಿದುಹೋದ ಒಂದು ಜೊತೆ ತೆಳು ಕೈಗವಸು. ಬಿಳಿ ಮೊಟ್ಟೆ ಅಷ್ಟರಲ್ಲಿ ಖಾಲಿಯಾಗಿತ್ತು, ಹತ್ತು ಕಂದು ಮೊಟ್ಟೆ ಸಿಕ್ಕವು.

ಶುಕ್ರವಾರ ಬೆಳಿಗ್ಗೆ ಮಾತ್ರೆಗಳನ್ನು ವಿನೆಗರ್ ನೀರಿಗೆ ಹಾಕಿದೆ. ಪೊಟ್ಟಣದ ಮೇಲೆ ಐದು ನಿಮಿಷ ಅಂತಿತ್ತು, ಇಪ್ಪತ್ತು ನಿಮಿಷ ಬಿಟ್ಟೆ. ಹಳದಿ ಬಣ್ಣ ಹಚ್ಚಿದ್ದಕ್ಕೆ ಗುರುತೇ ಇಲ್ಲ. ಗುಲಾಬಿ ಹೋಗಿ ಮಂಗಳೂರು ಹೆಂಚಿನ ಬಣ್ಣ ಬಂತು. ಹಸಿರು ಪಾಚಿಯ ಹಾಗಿತ್ತು. ಪೂರ್ತಿ ಕರಗದ ಮಾತ್ರೆಯ ಚೂರು ಅಂಟಿಕೊಂಡು ಅಲ್ಲಲ್ಲಿ ಸಿಡುಬಿನ ಹಾಗೆ ಚುಕ್ಕೆ. ಎಲ್ಲಕ್ಕಿಂತ ಸಿಟ್ಟು ತರಿಸಿದ್ದು, ಇಲ್ಲಿ ಪ್ರತಿ ಮೊಟ್ಟೆಯ ಮೇಲೂ ಒತ್ತುವ ಕೆಂಪು ಮೊಹರು. ಮೊದಲ ಅಂಕಿ ಕೋಳಿ ಸಾಕಿದ ರೀತಿ ಹೇಳುತ್ತದೆ: 0 ಸಾವಯವ, 1 ಬಯಲಲ್ಲಿ ತಿರುಗಾಡಿದ್ದು, 2 ಕೊಟ್ಟಿಗೆಯದು, 3 ಪಂಜರದ್ದು. ಆಮೇಲೆ ದೇಶದ ಅಕ್ಷರ, ಫಾರ್ಮಿನ ಸಂಖ್ಯೆ. ಬಣ್ಣ ಬಳಿದ ಮೇಲೂ ಅದಷ್ಟೂ ಸ್ಪಷ್ಟವಾಗಿ ಓದಬಹುದಿತ್ತು. ಪೊಟ್ಟಣದ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ "ಬಿಳಿ ಮೊಟ್ಟೆಗೆ ಉತ್ತಮ" ಅಂತ ಬರೆದಿದ್ದು ಕಂಡಿದ್ದು ಆಗಲೇ. ಆರು ಮೊಟ್ಟೆ ಹಾಳು.

ಶುಭ ಶುಕ್ರವಾರ ಇಲ್ಲಿ ಅಂಗಡಿ ತೆಗೆಯುವುದಿಲ್ಲ, ಬೇರೆ ಪೊಟ್ಟಣ ತರೋಣವೆಂದರೆ ದಾರಿಯಿಲ್ಲ. ಮಗಳ ಮುಖ ಊದಿಕೊಂಡಿತ್ತು. ಪಕ್ಕದ ಮನೆಯ ಅಜ್ಜಿ ಕೇಳಿಸಿಕೊಂಡು ನಾಲ್ಕು ಬಿಳಿ ಮೊಟ್ಟೆ ತಂದುಕೊಟ್ಟು, "ಈರುಳ್ಳಿ ಸಿಪ್ಪೆ ಇಲ್ಲವಾ ನಿನ್ನ ಹತ್ತಿರ?" ಅಂದರು. ಈರುಳ್ಳಿಯ ಬಗ್ಗೆ ಕನ್ನಡದವಳನ್ನು ಕೇಳುವ ಪ್ರಶ್ನೆಯೇ ಅದು! ಐದು ಕಿಲೋ ಚೀಲದ ತಳದಲ್ಲಿ ಬೇಕಾದಷ್ಟಿತ್ತು.

ಎರಡು ಮುಷ್ಟಿ ಒಣ ಸಿಪ್ಪೆ, ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು, ಅರ್ಧ ಗಂಟೆ ಕುದಿ. ಸೋಸಿ, ಒಂದು ಚಮಚ ವಿನೆಗರ್ ಹಾಕಿ, ಉಳಿದಿದ್ದ ನಾಲ್ಕು ಕಂದು ಮೊಟ್ಟೆಯನ್ನು ಅದರಲ್ಲೇ ಹತ್ತು ನಿಮಿಷ ಬೇಯಿಸಿದೆ. ವಿನೆಗರ್ ಮೊಟ್ಟೆ ಚಿಪ್ಪಿನ ಸುಣ್ಣವನ್ನು ಒಂಚೂರು ಕೊರೆಯುತ್ತದೆ, ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಅಲ್ಲಿಗೆ ಬಣ್ಣ ಹಿಡಿಯುತ್ತದೆ. ಜಾಸ್ತಿ ಸುರಿದರೆ ಮೇಲ್ಮೈ ಒರಟಾಗುತ್ತದೆ, ಜಾಗ್ರತೆ. ಮೊಹರನ್ನು ಮೊದಲೇ ವಿನೆಗರ್ ಅದ್ದಿದ ಹತ್ತಿಯಿಂದ ಉಜ್ಜಿ ತೆಗೆದಿದ್ದೆ.

ಅಜ್ಜಿ ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟರು. ಎಲೆಯನ್ನು ಒದ್ದೆ ಮಾಡಿ ಮೊಟ್ಟೆಗೆ ಅಂಟಿಸಿ, ಹಳೆಯ ನೈಲಾನ್ ಕಾಲುಚೀಲದ ತುಂಡನ್ನು ಬಿಗಿಯಾಗಿ ಎಳೆದು ಸುತ್ತಿ, ಹಿಂದೆ ದಾರ ಕಟ್ಟಿ ಬಣ್ಣದ ನೀರಿಗೆ ಬಿಡುವುದು. ಅವರದು ಪಾರ್ಸ್ಲಿ, ನನ್ನದು ಕೊತ್ತಂಬರಿ. ಕರಿಬೇವು ಹಾಕಿ ನೋಡಿದೆ, ಅದು ಬಿರುಸು, ಅಂಚು ಎದ್ದು ಬಣ್ಣ ಒಳಗೆ ನುಗ್ಗಿತು. ಕೊತ್ತಂಬರಿ ಮಾತ್ರ ಮೈಗಂಟಿಕೊಂಡು ಕೂತಿತು. ಚೀಲ ಬಿಚ್ಚಿದಾಗ ಕಾಫಿ ಡಿಕಾಕ್ಷನ್ನಿನಂಥ ಕೆಂಗಂದು ಬಣ್ಣದ ನಡುವೆ ಎಲೆಯ ಒಂದೊಂದು ಹಲ್ಲೂ, ನೂಲಿನಂಥ ದಂಟೂ ತಿಳಿಯಾಗಿ ಮೂಡಿತ್ತು. ಮಗಳು ಮಾತೇ ಆಡಲಿಲ್ಲ, ಬೆರಳಿಟ್ಟು ಎಲೆಯನ್ನು ಕೀಳಲು ನೋಡಿದಳು. ಆರಿದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಹೊಳಪೋ ಹೊಳಪು. ಇಲ್ಲಿನವರು ಇದಕ್ಕೆ ಹಂದಿ ಕೊಬ್ಬಿನ ತುಂಡು ಉಜ್ಜುತ್ತಾರಂತೆ. ನಮಗೆ ತಲೆಗೆ ಹಾಕುವ ಎಣ್ಣೆಯೇ ಸಾಕಾಯಿತು.

ಅಜ್ಜಿ ಕೊಟ್ಟ ಬಿಳಿ ಮೊಟ್ಟೆಗಳಲ್ಲಿ ಒಂದಕ್ಕೆ ಅರಿಶಿನ. ಎರಡು ಚಮಚ ಪುಡಿ ಕುದಿಸಿದ ನೀರಲ್ಲಿ ಹತ್ತೇ ನಿಮಿಷ, ಚೆಂಡುಹೂವಿನ ಹಳದಿ. ಪುಡಿ ತಳಕ್ಕಿಳಿಯಲು ಬಿಡದಿದ್ದರೆ ಮಚ್ಚೆ ಬೀಳುತ್ತದೆ, ಬಿಸಿಲಿಗಿಟ್ಟರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಅಡುಗೆ ಕಟ್ಟೆಗೆ ಚೆಲ್ಲಿದರೆ ಮಾತ್ರ ಬಿಳಿಚಿಕೊಳ್ಳುವುದಿಲ್ಲ. ಬಾಡಿಗೆ ಮನೆಯ ಬಿಳಿ ಕಟ್ಟೆ, ಮನೆ ಬಿಡುವಾಗ ಏನು ಕಾದಿದೆಯೋ. ವಿಡಿಯೋ ಕಾಲ್‌ನಲ್ಲಿ ತುಮಕೂರಿನ ಅಮ್ಮನಿಗೆ ತೋರಿಸಿದೆ. ಅವರ ಅಡುಗೆಮನೆಗೆ ಮೊಟ್ಟೆ ಕಾಲಿಟ್ಟಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಅರಿಶಿನ ಹಚ್ಚಿದ್ದಾಯ್ತಲ್ಲ, ಕುಂಕುಮಾನೂ ಇಟ್ಟುಬಿಡು" ಅಂದರು.

ಪಲ್ಯಕ್ಕೆಂದು ತಂದಿದ್ದ ಕೆಂಪು ಎಲೆಕೋಸಿನದು ಬೇರೆಯೇ ಮೋಜು. ನೀರು ನೇರಳೆ, ಮೊಟ್ಟೆ ನೀಲಿ! ಎರಡನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಬೇಕಾಯಿತು, ಅವಸರದವರಿಗೆ ಅಲ್ಲ. ಒದ್ದೆಯಿದ್ದಾಗ ಮುಟ್ಟಿದರೆ ಬಣ್ಣ ಬೆರಳಿಗೆ ಬರುತ್ತದೆ, ತಂತಿ ಜಾಲರಿಯ ಮೇಲೆ ಒಣಗಲು ಬಿಡಿ. ಕೊನೆಯ ಮೊಟ್ಟೆಗೆ ಬೀಟ್‌ರೂಟ್ ಹಾಕಿ ಕೆಟ್ಟೆ, ಬಂದಿದ್ದು ಹಳೇ ಬನಿಯನ್ ಬಣ್ಣ.

ಖರ್ಚಿನ ಲೆಕ್ಕ ಹೇಳುವುದಾದರೆ ಸಿಪ್ಪೆ ಪುಕ್ಕಟೆ, ಅರಿಶಿನ ಊರಿಂದ ತಂದದ್ದು, ಎಲೆಕೋಸಿನ ಮುಕ್ಕಾಲು ಪಾಲು ಪಲ್ಯವೇ ಆಯಿತು. ಪೊಟ್ಟಣಕ್ಕೆ ಐದರಲ್ಲಿ ಒಂದೂವರೆ ಅಂಕ, ಆ ಒಂದೂವರೆಯೂ ತಂತಿ ಸೌಟಿಗೆ. ಬಿಳಿ ಮೊಟ್ಟೆ ಸಿಕ್ಕಿದ್ದರೆ ಎರಡೂವರೆ ಕೊಡುತ್ತಿದ್ದೆನೇನೋ. ಈರುಳ್ಳಿ ಸಿಪ್ಪೆಗೆ ಐದಕ್ಕೆ ಐದು.

ಸೋಮವಾರವೂ ಇಲ್ಲಿ ರಜೆ. ಕಾರು ಹತ್ತಿ ಫ್ರಾಂಕೋನಿಯಾದ ಬೀಬರ್‌ಬಾಖ್ ಎಂಬ ಹಳ್ಳಿಗೆ ಹೋದೆವು. ಆ ಸೀಮೆಯಲ್ಲಿ ಊರ ಬುಗ್ಗೆಗಳನ್ನು ಈಸ್ಟರಿಗೆ ಹಸಿರು ಕೊಂಬೆ, ಮೊಟ್ಟೆ ಮಾಲೆಗಳಿಂದ ಸಿಂಗರಿಸುತ್ತಾರೆ. ಬೀಬರ್‌ಬಾಖ್‌ನ ಬುಗ್ಗೆ 2001ರಲ್ಲಿ ಕೈಯಲ್ಲೇ ಬಣ್ಣ ಬಳಿದ 11,108 ಮೊಟ್ಟೆಗಳೊಂದಿಗೆ ಗಿನ್ನೆಸ್ ದಾಖಲೆ ಸೇರಿದೆ. ಮಗಳು ಅಷ್ಟು ಹೊತ್ತು ಸುತ್ತು ಹಾಕಿ, "ಇದರಲ್ಲಿ ಕೊತ್ತಂಬರಿದು ಒಂದೂ ಇಲ್ಲ" ಅಂತ ತೀರ್ಪು ಕೊಟ್ಟಳು.

ಈಗ ಅಡುಗೆಮನೆ ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ನೇತಾಡುತ್ತಿದೆ, ಸಿಪ್ಪೆ ಅದಕ್ಕೇ ಬೀಳುತ್ತದೆ. ಪೊಟ್ಟಣದಲ್ಲಿ ಮುಟ್ಟದೆ ಬಿಟ್ಟ ನೀಲಿ, ಕಿತ್ತಳೆ ಮಾತ್ರೆಗಳು ಡ್ರಾಯರಿನಲ್ಲಿವೆ. ಈ ಕಡೆ ಬರುವವರಿದ್ದರೆ ತೆಗೆದುಕೊಂಡು ಹೋಗಿ, ದುಡ್ಡು ಬೇಡ.