ಟೋಕಿಯೋ ಬಂದರು ಪಕ್ಷಿ ಉದ್ಯಾನ: ನಾಲ್ಕು ಋತು, ಒಂದೇ ಕಿಟಕಿ

ಹಾನೆಡಾ ವಿಮಾನ ನಿಲ್ದಾಣದ ಕಡೆಗೆ ಹೋಗುವ ಮೋನೊರೈಲಿನಲ್ಲಿ ರ್ಯೂತ್ಸು ಸೆಂಟರ್ ಎಂಬಲ್ಲಿ ಇಳಿದು, ಗೋದಾಮುಗಳನ್ನೂ ಕಂಟೇನರ್ ಲಾರಿಗಳ ಸಾಲನ್ನೂ ದಾಟಿ ಸುಮಾರು 15 ನಿಮಿಷ ನಡೆದರೆ ಟೋಕಿಯೋ ಬಂದರು ಪಕ್ಷಿ ಉದ್ಯಾನದ ಬಾಗಿಲು ಸಿಗುತ್ತದೆ. ಜಪಾನೀಯರು ಇದನ್ನು ‘ಟೋಕಿಯೋಕೋ ಯಾಚೋ ಕೋಎನ್’ ಎನ್ನುತ್ತಾರೆ. ಪಕ್ಕದಲ್ಲಿ ಓಟಾ ಸಗಟು ಮಾರುಕಟ್ಟೆ, ಆಚೆಗೆ ಹೆದ್ದಾರಿ, ತಲೆಯ ಮೇಲೆ ವಿಮಾನಗಳು. ಇಂಥ ಜಾಗಕ್ಕೆ ಹಕ್ಕಿಗಳು ಯಾಕೆ ಬಂದಾವು ಎಂದು ಮೊದಲ ಸಲ ಹೋದಾಗ ನನಗೂ ಅನ್ನಿಸಿತ್ತು. ಆಮೇಲೆ ಎರಡು ವರ್ಷಗಳಿಂದ ತಿಂಗಳಿಗೆ ಎರಡು ಬಾರಿಯಾದರೂ ಹೋಗುತ್ತಿದ್ದೇನೆ. ಗರಿಯ ಒಂದೊಂದು ಎಳೆಯೂ ಎದ್ದು ಕಾಣುವಂಥ ಹತ್ತಿರದ ಚಿತ್ರವೇ ಬೇಕು ಎನ್ನುವವರಿಗೆ ಇದು ತಕ್ಕ ಸ್ಥಳವಲ್ಲ. ಆದರೆ ಒಂದೇ ಕೊಳವನ್ನು ವರ್ಷವಿಡೀ ನೋಡುತ್ತ, ಯಾರು ಬಂದರು, ಯಾರು ಹೋದರು, ಯಾರು ಬಣ್ಣ ಬದಲಿಸಿದರು ಎಂಬುದನ್ನು ಕ್ಯಾಮೆರಾದಲ್ಲಿ ದಾಖಲಿಸಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಟೋಕಿಯೋದಲ್ಲಿ ಕಂಡಿಲ್ಲ.

ಇದು ಹಿಂದಿನಿಂದ ಇದ್ದ ಜೌಗು ನೆಲವಲ್ಲ. 1960ರ ದಶಕದಲ್ಲಿ ಬಂದರಿಗಾಗಿ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲವಿದು. ಕಟ್ಟಡ ಏಳುವ ಮೊದಲು ಖಾಲಿ ಬಿದ್ದಿದ್ದ ಆ ನೆಲದಲ್ಲಿ ಮಳೆನೀರು ನಿಂತಿತು, ಜೊಂಡು ಬೆಳೆಯಿತು, ಹಕ್ಕಿಗಳು ತಾವಾಗಿಯೇ ಬಂದು ನೆಲೆಸಿದವು. ಆ ನೆಲವನ್ನು ಹಾಗೆಯೇ ಉಳಿಸಿಕೊಡಿ ಎಂದು ಸುತ್ತಲಿನ ನಾಗರಿಕರು ಹಟ ಹಿಡಿದು ಕೇಳಿದ್ದರಿಂದ 1978ರಲ್ಲಿ ಒಂದು ಚಿಕ್ಕ ಉದ್ಯಾನವಾಯಿತು. 1989ರಲ್ಲಿ ಅದೇ ವಿಸ್ತಾರಗೊಂಡು ಈಗಿನ ಹೆಸರು ಪಡೆಯಿತು. ಇವತ್ತು ಸುಮಾರು 36 ಹೆಕ್ಟೇರ್ ಇದೆ. ದೊಡ್ಡವರಿಗೆ ಪ್ರವೇಶ ಶುಲ್ಕ 300 ಯೆನ್, 65 ವರ್ಷ ದಾಟಿದವರಿಗೆ ಅದರ ಅರ್ಧ. ಈ ಹಿನ್ನೆಲೆ ತಿಳಿದ ಮೇಲೆ ಟಿಕೆಟ್ ತೆಗೆಯುವಾಗ ನನಗೆ ಬರುವ ಸಂತೋಷವೇ ಬೇರೆ.

ಒಳಗಿನ ವ್ಯವಸ್ಥೆಯ ತಿರುಳು ಇರುವುದು ‘ಶಿಓಇರಿ ನೋ ಇಕೆ’ ಎಂಬ ಕೊಳದಲ್ಲಿ. ಕಾಲುವೆಯ ಮೂಲಕ ಟೋಕಿಯೋ ಕೊಲ್ಲಿಗೆ ಸೇರಿರುವ ಈ ಕೊಳದ ನೀರು ಸಮುದ್ರದ ಉಬ್ಬರ ಇಳಿತದ ಜೊತೆಗೇ ಏರುತ್ತದೆ, ಇಳಿಯುತ್ತದೆ. ನೀರು ಇಳಿದಾಗ ಕೆಸರು ಬಯಲು ತೆರೆದುಕೊಂಡು, ಹುಳ ಮತ್ತು ಏಡಿಗಳನ್ನು ಹುಡುಕುವ ಉದ್ದ ಕಾಲಿನ ಹಕ್ಕಿಗಳು ಇಳಿಯುತ್ತವೆ. ನೀರು ತುಂಬಿದಾಗ ಅದೇ ಜಾಗ ಬಾತುಗಳ ಪಾಲಾಗುತ್ತದೆ. ಆದ್ದರಿಂದ ಹೊರಡುವ ಮುನ್ನ ಗಡಿಯಾರಕ್ಕಿಂತ ಮೊದಲು ಇಳಿತದ ವೇಳಾಪಟ್ಟಿಯನ್ನು ನೋಡಬೇಕು. ನಾನು ಮೊದಲ ಮೂರು ಭೇಟಿಗಳಲ್ಲಿ ಇದನ್ನು ನೋಡದೆ ಹೋಗಿ ತುಂಬಿದ ನೀರನ್ನಷ್ಟೇ ಕಂಡು ಬಂದೆ. ಕೊಳದ ಎದುರಿಗಿರುವ ನೇಚರ್ ಸೆಂಟರ್‌ನಲ್ಲಿ ದೊಡ್ಡ ಗಾಜಿನ ಗೋಡೆಯ ಹಿಂದೆ ಸಾಲಾಗಿ ಟೆಲಿಸ್ಕೋಪ್‌ಗಳನ್ನು ಇಟ್ಟಿದ್ದಾರೆ. ಯಾರು ಬೇಕಾದರೂ ಬಳಸಬಹುದು. ಅಲ್ಲಿರುವ ರೇಂಜರ್‌ಗಳ ಹಿಂದೆ 1934ರಲ್ಲಿ ಹುಟ್ಟಿದ ಜಪಾನ್ ವೈಲ್ಡ್ ಬರ್ಡ್ ಸೊಸೈಟಿಯ ಅನುಭವವಿದೆ. ನನ್ನ ಮುರುಕು ಜಪಾನೀ ಭಾಷೆಯಲ್ಲಿ ಏನು ಕೇಳಿದರೂ ತಾಳ್ಮೆಯಿಂದ ಉತ್ತರಿಸಿ, ಪುಸ್ತಕ ತೆರೆದು ಚಿತ್ರ ತೋರಿಸಿ, ಟೆಲಿಸ್ಕೋಪ್ ತಿರುಗಿಸಿ ಹಕ್ಕಿಯನ್ನು ಕಣ್ಣಿಗೆ ಸಿಗುವಂತೆ ಮಾಡಿಕೊಟ್ಟಿದ್ದಾರೆ. ಈ ಸೇವೆಗೆ ಬೆಲೆ ಕಟ್ಟಲಾರೆ.

ಛಾಯಾಗ್ರಹಣದ ಮಾತಿಗೆ ಬಂದರೆ, ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ದೂರ. ಉದ್ಯಾನದಲ್ಲಿ ಅಲ್ಲಲ್ಲಿ ಮರದ ವೀಕ್ಷಣಾ ಗುಡಿಸಲುಗಳಿವೆ. ಅಲ್ಲಿ ಗೋಡೆಯಲ್ಲಿ ಕೊರೆದ ಕಿಂಡಿಗಳಿಂದ ಮಾತ್ರ ನೋಡಬೇಕು. ರಂಗನತಿಟ್ಟಿನಲ್ಲಿ ದೋಣಿ ನಮ್ಮನ್ನು ಕೊಕ್ಕರೆಗಳ ಗೂಡಿನ ಕೆಳಗೇ ಕೊಂಡೊಯ್ದು ನಿಲ್ಲಿಸುವುದನ್ನು ಕಂಡು ಬೆಳೆದ ನನಗೆ ಈ ಕಟ್ಟುಪಾಡು ಆರಂಭದಲ್ಲಿ ಕಷ್ಟವಾಯಿತು. 300 ಮಿ.ಮೀ. ಲೆನ್ಸಿನಲ್ಲಿ ಗದ್ದೆಗೊರವದಂಥ ಹಕ್ಕಿ ಒಂದು ಚುಕ್ಕೆಯಷ್ಟೇ ಕಾಣುತ್ತದೆ. 500 ಅಥವಾ 600 ಮಿ.ಮೀ. ಇದ್ದರೂ ಚಿತ್ರದಲ್ಲಿ ಹಕ್ಕಿಗಿಂತ ಕೆಸರು, ಜೊಂಡು, ನೀರಿನ ಪಾಲೇ ಹೆಚ್ಚು. ಆದರೆ ಕಿಂಡಿಯ ಈಚೆ ಇರುವ ನಮ್ಮನ್ನು ಮರೆತ ಹಕ್ಕಿ ಅರ್ಧ ಗಂಟೆ ಅಲ್ಲೇ ಮೇಯುತ್ತದೆ, ಗರಿ ತೀಡಿಕೊಳ್ಳುತ್ತದೆ, ಒಂಟಿ ಕಾಲಿನಲ್ಲಿ ನಿಂತು ನಿದ್ದೆ ಮಾಡುತ್ತದೆ. ಬೆನ್ನಟ್ಟಿ ತೆಗೆದ ಚಿತ್ರದಲ್ಲಿ ಹಕ್ಕಿಯ ಕಣ್ಣಿನಲ್ಲಿ ಯಾವಾಗಲೂ ಇರುವ ಗಾಬರಿ ಇಲ್ಲಿನ ಚಿತ್ರಗಳಲ್ಲಿ ಇರುವುದಿಲ್ಲ. ನೇಚರ್ ಸೆಂಟರ್‌ನ ಗಾಜಿನ ಹಿಂದಿನಿಂದ ತೆಗೆಯುವವರು ಲೆನ್ಸನ್ನು ಗಾಜಿಗೆ ನೇರವಾಗಿ, ಆದಷ್ಟು ಹತ್ತಿರ ಹಿಡಿಯಬೇಕು. ಓರೆಯಾದರೆ ಚಿತ್ರ ಮಸುಕಾಗುತ್ತದೆ.

ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗಿನ ಮೂರು ವಾರಗಳನ್ನು ನಾನು ಯಾವ ಕಾರಣಕ್ಕೂ ತಪ್ಪಿಸಿಕೊಳ್ಳುವುದಿಲ್ಲ. ಆಸ್ಟ್ರೇಲಿಯಾದ ಕಡೆಯಿಂದ ಸೈಬೀರಿಯಾಕ್ಕೆ ಹೋಗುವ ವಲಸೆ ಹಕ್ಕಿಗಳು ದಾರಿಯಲ್ಲಿ ಇಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುವ ಕಾಲವಿದು. ಹಳದಿ ಕಾಲಿನ ‘ಕಿಆಶಿ ಶಿಗಿ’ಯ ಹೊಟ್ಟೆಯ ಮೇಲೆ ಬೂದು ಗೆರೆಗಳು ಮೂಡಿರುತ್ತವೆ, ‘ಮೆದಾಯಿ ಚಿದೊರಿ’ಯ ಎದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ, ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್ ಏಡಿಯನ್ನು ಎಳೆದು ತೆಗೆದು, ಝಾಡಿಸಿ ನುಂಗುತ್ತದೆ. ಇದೇ ಹೊತ್ತಿಗೆ ಚಿಕ್ಕ ರೀವಗಳು (ಟರ್ನ್ ಹಕ್ಕಿಗಳು) ಕೊಳದ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು, ಕಲ್ಲು ಬಿದ್ದಂತೆ ನೀರಿಗೆ ಬಿದ್ದು ಮೀನು ಹಿಡಿಯುತ್ತವೆ. ಈ ರೀವಗಳ ಕಥೆಯೂ ಸೊಗಸಾದದ್ದು: ಇದೇ ಓಟಾ ವಾರ್ಡಿನ ಮೊರಿಗಾಸಾಕಿ ಎಂಬಲ್ಲಿರುವ ಕೊಳಚೆನೀರು ಶುದ್ಧೀಕರಣ ಕೇಂದ್ರದ ವಿಶಾಲ ತಾರಸಿಯ ಮೇಲೆ ಅವು ಮೊಟ್ಟೆ ಇಟ್ಟದ್ದು 2001ರಲ್ಲಿ ಕಂಡುಬಂದು, ಅಂದಿನಿಂದ ಸ್ವಯಂಸೇವಕರು ಆ ತಾರಸಿಯನ್ನು ಅವುಗಳಿಗಾಗಿ ಸಜ್ಜು ಮಾಡುತ್ತ ಬಂದಿದ್ದಾರೆ. ರೀವ ನೀರಿಗೆ ಬೀಳುವ ಕ್ಷಣವನ್ನು ಹಿಡಿಯಲು ಸೆಕೆಂಡಿನ 2000ದಲ್ಲಿ ಒಂದು ಪಾಲು ವೇಗವೂ ಕೆಲವೊಮ್ಮೆ ಸಾಲದು.

ಬೇಸಿಗೆಯಲ್ಲಿ ಹಕ್ಕಿಗಳು ಕಡಿಮೆ ಎಂದು ಅನೇಕರು ಬರುವುದನ್ನೇ ಬಿಡುತ್ತಾರೆ. ನನಗೆ ಮಾತ್ರ ಜೂನ್ ಮತ್ತು ಜುಲೈ ತಿಂಗಳುಗಳು ಅಚ್ಚುಮೆಚ್ಚು. ಜೊಂಡಿನ ತುದಿಗೆ ಹತ್ತಿ ಕುಳಿತ ‘ಓಯೋಶಿಕಿರಿ’ ಎಂಬ ಉಲಿಯಕ್ಕಿ, ಬಾಯೊಳಗಿನ ಕೆಂಪು ಕಾಣುವಂತೆ ಕೊಕ್ಕು ತೆರೆದು ‘ಗ್ಯೋಶಿ ಗ್ಯೋಶಿ’ ಎಂದು ದಿನವಿಡೀ ಕೂಗುತ್ತದೆ; ಆ ಕೂಗಿನಿಂದಲೇ ಹುಟ್ಟಿದ ‘ಗ್ಯೋಗ್ಯೋಶಿ’ ಎಂಬ ಹೆಸರು ಹೈಕುಗಳಲ್ಲಿ ಬೇಸಿಗೆಯನ್ನು ಸೂಚಿಸುವ ಪದ. ಕೆಳಗೆ ಕೆಸರಿನಲ್ಲಿ ಇನ್ನೊಂದು ಲೋಕವಿದೆ. ಉಗುರಿನಷ್ಟೇ ಗಾತ್ರದ ‘ಚಿಗೊಗಾನಿ’ ಎಂಬ ಏಡಿಗಳು ನೂರಾರು ಸಂಖ್ಯೆಯಲ್ಲಿ ತಮ್ಮ ಬಿಳಿಯ ಕೊಂಡಿಗಳನ್ನು ಒಟ್ಟಿಗೆ ಮೇಲೆತ್ತಿ ಇಳಿಸುವುದನ್ನು ನೋಡಿದರೆ ಇಡೀ ಕೆಸರು ಉಸಿರಾಡುತ್ತಿದೆ ಎನ್ನಿಸುತ್ತದೆ. ಅವುಗಳ ನಡುವೆ ಕೆಸರಿನ ಮೇಲೆ ಜಿಗಿಯುವ ‘ತೊಬಿಹಜೆ’ ಎಂಬ ಮೀನು ಕಂಡರೆ ಅದು ದೊಡ್ಡ ಅದೃಷ್ಟ. ಈ ಮೀನು ಬದುಕುವ ಉತ್ತರದ ಕೊನೆಯ ಗಡಿ ಟೋಕಿಯೋ ಕೊಲ್ಲಿಯೇ. ಹತ್ತು ಗಂಟೆಯ ಮೇಲೆ ಕಾದ ಕೆಸರಿನಿಂದ ಏಳುವ ಬಿಸಿಗಾಳಿಯ ನಡುಕದಲ್ಲಿ ದೂರದ ಚಿತ್ರಗಳೆಲ್ಲ ಕೆಡುವುದರಿಂದ, ಬೇಸಿಗೆಯಲ್ಲಿ ಹತ್ತಿರದ ಏಡಿಗಳಿಗೇ ಲೆನ್ಸ್ ತಿರುಗಿಸುವುದು ಜಾಣತನ.

ಶರತ್ಕಾಲ ಆಗಸ್ಟ್‌ನಲ್ಲೇ ಶುರುವಾಗುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಈ ಕೊಳ. ಮನುಷ್ಯರು ಇನ್ನೂ ಸೆಕೆಯಲ್ಲಿ ಬೇಯುತ್ತಿರುವಾಗಲೇ ವಸಂತದಲ್ಲಿ ಉತ್ತರಕ್ಕೆ ಹೋದ ಹಕ್ಕಿಗಳು ಮರಳಿ ಬರುತ್ತವೆ. ಸೆಪ್ಟೆಂಬರ್ ಕೊನೆಯಲ್ಲಿ ಮರದ ತುದಿಯಿಂದ ‘ಮೊಜು’ ಎಂಬ ಕಳಿಂಗ ಹಕ್ಕಿಯ ಕರ್ಕಶ ಕೂಗು ಕೇಳಿಸುತ್ತದೆ. ಹಿಡಿದ ಮಿಡತೆಯನ್ನೂ ಹಲ್ಲಿಯನ್ನೂ ಮುಳ್ಳಿಗೆ ಚುಚ್ಚಿಡುವ ಹಕ್ಕಿ ಇದು. ಅಕ್ಟೋಬರ್‌ನಲ್ಲಿ ಬಾತುಗಳು ಬರುತ್ತವೆ, ಆದರೆ ಗಂಡು ಹೆಣ್ಣು ಎರಡೂ ಒಂದೇ ಮಾಸಲು ಕಂದು. ಬೇಸಿಗೆಯಲ್ಲಿ ಗರಿ ಕಳಚಿದ ಗಂಡುಗಳಿಗೆ ಹೊಸ ಬಣ್ಣ ಬರುವುದು ವಾರದಿಂದ ವಾರಕ್ಕೆ, ಸ್ವಲ್ಪ ಸ್ವಲ್ಪವಾಗಿ. ಒಂದೇ ಕಿಂಡಿಯಿಂದ, ಒಂದೇ ಲೆನ್ಸಿನಿಂದ, ಸಲಿಕೆ ಕೊಕ್ಕಿನ ಬಾತಿನ ತಲೆ ಅಕ್ಟೋಬರ್‌ನ ಕಂದಿನಿಂದ ಡಿಸೆಂಬರ್‌ನ ಹೊಳೆಯುವ ಹಸಿರಿಗೆ ತಿರುಗಿದ್ದನ್ನು ತೋರಿಸುವ ಆರು ಚಿತ್ರಗಳ ಸಾಲು ನನ್ನ ಬಳಿ ಇದೆ. ಬಿಡಿಯಾಗಿ ನೋಡಿದರೆ ಒಂದೂ ಹೆಚ್ಚೇನಲ್ಲದ ಚಿತ್ರ. ಒಟ್ಟಿಗೆ ಇಟ್ಟಾಗ ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ. ಇದೇ ಜಾತಿಯ ಬಾತು ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಕೆರೆಗಳಿಗೂ ಬರುತ್ತದೆ. ಅಲ್ಲಿ ಎಷ್ಟೋ ಸಲ ನೋಡಿದ್ದರೂ ಈ ಬದಲಾವಣೆಯನ್ನು ನಾನು ಗಮನಿಸಿರಲಿಲ್ಲ.

ಚಳಿಗಾಲದ ಬಗ್ಗೆ ಬಹಳ ಹೇಳಬೇಕಿಲ್ಲ; ಎಲೆ ಉದುರಿ ಎಲ್ಲವೂ ಕಣ್ಣಿಗೆ ಬೀಳುವುದರಿಂದ ಹೊಸಬರಿಗೆ ಅದೇ ಒಳ್ಳೆಯ ಕಾಲ. ಮಿಂಚುಳ್ಳಿ ಕಿಂಡಿಯ ಸಮೀಪದ ಕೋಲಿನ ಮೇಲೆ ಬಂದು ಕೂರುತ್ತದೆ. ಕೊಳದ ಬಾತುಗಳೆಲ್ಲ ಒಮ್ಮೆಲೇ ತಲೆ ಎತ್ತಿದರೆ ಆಕಾಶ ನೋಡಬೇಕು, ‘ಓತಾಕಾ’ ಗಿಡುಗ ಬಂದಿರುತ್ತದೆ. ಫೆಬ್ರವರಿ ಕೊನೆಗೆ ಪೊದೆಯೊಳಗಿಂದ ‘ಉಗುಯಿಸು’ ಎಂಬ ಪುಟ್ಟ ಹಾಡುಹಕ್ಕಿ ಹಾಡಲು ಕಲಿಯುತ್ತಿರುವಂತೆ ತೊದಲುತ್ತದೆ. ಜಪಾನಿನ ಹವಾಮಾನ ಇಲಾಖೆ 1953ರಿಂದ ಆ ಮೊದಲ ಹಾಡಿನ ದಿನವನ್ನು ದೇಶದಾದ್ಯಂತ ದಾಖಲಿಸುತ್ತಿತ್ತು. 2021ರಿಂದ ಪ್ರಾಣಿಪಕ್ಷಿಗಳ ಆ ದಾಖಲೆಯನ್ನು ಕೈಬಿಟ್ಟಿತು. ನನ್ನ ಪುಟ್ಟ ಪುಸ್ತಕದಲ್ಲಿ ಈಗ ಆ ದಿನವನ್ನು ನಾನೇ ಬರೆದಿಡುತ್ತೇನೆ.

ಕೆಲವು ಮಿತಿಗಳನ್ನು ತಿಳಿದುಕೊಂಡೇ ಹೋಗಬೇಕು. ಬಾಗಿಲು ತೆರೆಯುವುದು ಬೆಳಿಗ್ಗೆ 9ಕ್ಕೆ. ಮುಚ್ಚುವುದು ಸಂಜೆ 5ಕ್ಕೆ, ನವೆಂಬರ್‌ನಿಂದ ಜನವರಿಯವರೆಗೆ 4.30ಕ್ಕೆ. ಹಾಗಾಗಿ ಬೇಸಿಗೆಯ ಮುಂಜಾನೆಯ ಎಳೆ ಬೆಳಕು ಇಲ್ಲಿ ಸಿಗುವುದೇ ಇಲ್ಲ. ಸೋಮವಾರ ರಜೆ, ಅಂದು ಸಾರ್ವತ್ರಿಕ ರಜೆಯಿದ್ದರೆ ಮರುದಿನ ಮುಚ್ಚಿರುತ್ತದೆ. ಊಟ, ನೀರು ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಗುಡಿಸಲಿನಲ್ಲಿ ಟ್ರೈಪಾಡ್ ಹರಡಿ ಎರಡು ಕಿಂಡಿ ಹಿಡಿಯದೆ, ಮಕ್ಕಳು ಬಂದಾಗ ಜಾಗ ಬಿಟ್ಟುಕೊಟ್ಟು, ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಎಲ್ಲರಿಗೂ ಹಿತ. ನಮ್ಮವರು ಹೆಚ್ಚಾಗಿ ನೆಲೆಸಿರುವ ನಿಶಿ ಕಸಾಯಿಯಿಂದ ಬರುವವರು, ಮನೆಯ ಹತ್ತಿರವೇ ಪುಕ್ಕಟೆಯಾಗಿ ಕಸಾಯಿ ರಿಂಕಾಯಿ ಉದ್ಯಾನ ಇರುವಾಗ ಇಷ್ಟು ದೂರ ಯಾಕೆ ಎಂದು ಕೇಳಬಹುದು. 2018ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ, ಅದರ ಎದುರಿನ ಕಡಲ ತೀರದಲ್ಲಿ ಚಳಿಗಾಲದ ‘ಸುಜುಗಾಮೊ’ ಬಾತುಗಳ ಸಾವಿರಾರು ಸಂಖ್ಯೆಯ ಹಿಂಡು ನೋಡಲೇಬೇಕಾದದ್ದು. ಆದರೆ ರಜಾದಿನದ ಜನಜಂಗುಳಿ ಅಲ್ಲಿ ಹೆಚ್ಚು. ಹಿಂಡು ನೋಡಬೇಕೆನಿಸಿದಾಗ ನಾನು ಅಲ್ಲಿಗೆ ಹೋಗುತ್ತೇನೆ, ಒಂದೊಂದೇ ಹಕ್ಕಿಯ ಪರಿಚಯ ಬೇಕಾದಾಗ ಇಲ್ಲಿಗೆ ಬರುತ್ತೇನೆ.

ಮೊದಲ ಬಾರಿ ಹೋಗುವವರು ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ, ಬೆಳಗಿನ ಹನ್ನೊಂದರ ಸುಮಾರಿಗೆ ನೀರು ಪೂರ್ತಿ ಇಳಿಯುವ ದಿನವನ್ನು ಆರಿಸಿಕೊಳ್ಳಿ. ಒಂಬತ್ತಕ್ಕೇ ಒಳಗೆ ಹೋಗಿ, ಮೊದಲು ರೇಂಜರ್‌ಗಳನ್ನು ಮಾತನಾಡಿಸಿ ಅಂದು ಏನೇನು ಬಂದಿದೆ ಎಂದು ಕೇಳಿ, ಆಮೇಲೆ ಒಂದು ಕಿಂಡಿಯ ಮುಂದೆ ಕುಳಿತರೆ ನೀರು ಹಿಂದೆ ಸರಿದಂತೆಲ್ಲ ಹಕ್ಕಿಗಳು ಒಂದೊಂದಾಗಿ ಇಳಿದು ಬರುವುದನ್ನು ಆರಂಭದಿಂದಲೇ ನೋಡಬಹುದು.