ಐಪಿವಿ6ಗೆ ಹೋಗಿ ಒಂದೂವರೆ ವರ್ಷ: ನಮ್ಮ ಬೆಳಗಿನ ಕಾಲ್ ಈಗ ಹೇಗಿದೆ

ನಾವು ಆರು ಜನ ಬೇರೆ ಬೇರೆ ಕಡೆ ಕೂತು ಅನುವಾದದ ಕೆಲಸ ಮಾಡುತ್ತೇವೆ. ವಿಡಿಯೋ ಕಾಲ್‌ಗೆ ಜಿಟ್ಸಿ, ಒಂದೇ ಪುಟದಲ್ಲಿ ಒಟ್ಟಿಗೆ ಬರೆಯೋಕೆ ಈಥರ್‌ಪ್ಯಾಡ್ (ಅದರಲ್ಲಿ ಒಬ್ಬೊಬ್ಬರ ಬರಹಕ್ಕೆ ಒಂದೊಂದು ಬಣ್ಣ). ಎರಡನ್ನೂ ಒಂದು ಸಣ್ಣ ಬಾಡಿಗೆ ಸರ್ವರ್‌ನಲ್ಲಿ ನಾವೇ ನಡೆಸುತ್ತೇವೆ. ಒಂದೂವರೆ ವರ್ಷದ ಹಿಂದೆ ಐಪಿವಿ6ಗೆ, ಅಂದರೆ ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿಗೆ, ಹೋದೆವು.

ದಿನಾ ಬೆಳಿಗ್ಗೆ ಇಬ್ಬರು ಸೇರಿ ಹಿಂದಿನ ದಿನದ ಪುಟ ಓದುತ್ತೇವೆ. ನಾನು ಒಂದು ಸಾಲು ಜೋರಾಗಿ ಓದುತ್ತೇನೆ. ಆ ಕಡೆಯವರು ಅವರ ಬಣ್ಣದಲ್ಲಿ ಅಲ್ಲೇ ತಿದ್ದುತ್ತಾರೆ. ಮೊದಲು ಇದು ಹಿಂಸೆಯಾಗಿತ್ತು. ಧ್ವನಿ ತಡವಾಗಿ ಬರುತ್ತಿತ್ತು. ಇಬ್ಬರೂ ಒಟ್ಟಿಗೆ ಬಾಯಿ ತೆರೆಯೋದು, ಇಬ್ಬರೂ ನಿಲ್ಲಿಸೋದು. "ಹೇಳಿ ಹೇಳಿ", "ಇಲ್ಲ, ನೀವೇ ಹೇಳಿ". ಅರ್ಧ ಹೊತ್ತು ಇದರಲ್ಲೇ ಹೋಗುತ್ತಿತ್ತು.

ಕಾರಣ ಜಿಟ್ಸಿಯಲ್ಲ. ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿ ಐಪಿವಿ4ನಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಹಂಚಲು ಉಳಿದಿದ್ದ ಕೊನೆಯ ದೊಡ್ಡ ಕಂತುಗಳೂ 2011ರ ಫೆಬ್ರವರಿಯಲ್ಲಿ ಮುಗಿದವು. ಹಾಗಾಗಿ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸದ ಹಿಂದೆ ತುಂಬಾ ಮನೆಗಳನ್ನು ಕೂರಿಸುತ್ತವೆ. ನಮ್ಮಿಬ್ಬರ ಮನೆಯೂ ಹಾಗೇ ಇತ್ತು. ಎರಡೂ ಕಡೆ ಹೀಗಿದ್ದರೆ ನೇರ ದಾರಿ ಎಷ್ಟೋ ಸಲ ಸಿಗುವುದೇ ಇಲ್ಲ. ಆಡಿದ ಪ್ರತಿ ಮಾತೂ ದೂರದ ರಿಲೇ ಸರ್ವರ್ ಸುತ್ತಿಕೊಂಡು ಬರಬೇಕು. ಕಾಲ್‌ನ ವಿವರ ತೆರೆದರೆ ವಿಳಾಸದ ಪಕ್ಕದಲ್ಲಿ 'ಟರ್ನ್' ಅಂತ ಕಾಣುತ್ತಿತ್ತು. ಅದೇ ಆ ಸುತ್ತುದಾರಿ.

ಐಪಿವಿ6ನಲ್ಲಿ ವಿಳಾಸಕ್ಕೆ ಬರವಿಲ್ಲ, ಹೀಗೆ ಹಂಚಿಕೊಳ್ಳಬೇಕಿಲ್ಲ. ಅದನ್ನು ಹಾಕಿಸಿದ ಮೊದಲ ಬೆಳಿಗ್ಗೆ ಅದೇ ವಿವರ ತೆರೆದೆ. ಕೋಲನ್‌ಗಳಿಂದ ತುಂಬಿದ ಉದ್ದನೆಯ ವಿಳಾಸ. ಪಕ್ಕದಲ್ಲಿ 'ಟರ್ನ್' ಇಲ್ಲ. ಅವರ ಮನೆಗೂ ನನ್ನ ಮನೆಗೂ ನೇರ ದಾರಿ! ನಾನು ಓದು ನಿಲ್ಲಿಸುವ ಮೊದಲೇ ಅವರ "ಹ್ಞೂಂ" ಕೇಳಿಸಿತು. ಆ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ. ರಿಲೇಗೆ ಹೋಗುತ್ತಿದ್ದ ಡೇಟಾನೂ ಉಳಿಯಿತು. ರಿಲೇ ನಡೆಯುವ ನಮ್ಮ ಸರ್ವರ್‌ಗೆ ತಿಂಗಳ ಡೇಟಾ ಮಿತಿ ಇದೆ, ನಮಗೆ ಅದು ಸಣ್ಣ ವಿಷಯವಲ್ಲ.

ಆದರೆ ಎರಡನೇ ವಾರ ತಲೆ ಕೆಟ್ಟುಹೋಯಿತು. ಒಬ್ಬರಿಗೆ ಮಾತ್ರ ಈಥರ್‌ಪ್ಯಾಡ್ ತೆರೆಯುತ್ತಲೇ ಇರಲಿಲ್ಲ. ಪಿಂಗ್ (ಸರ್ವರ್ ಸಿಗುತ್ತಿದೆಯಾ ಅಂತ ನೋಡುವ ಚಿಕ್ಕ ಸಂದೇಶ) ಹೋಗುತ್ತದೆ, ಕನೆಕ್ಷನ್ ಆಗುತ್ತದೆ, ಪುಟ ಮಾತ್ರ ಬರುವುದಿಲ್ಲ. ಬರೀ ಚಕ್ರ ತಿರುಗುತ್ತಿರುತ್ತದೆ. ಐಪಿವಿ6 ಸಿಗದಿದ್ದರೆ ಬ್ರೌಸರ್ ತಾನಾಗೇ ಐಪಿವಿ4 ಹಿಡಿಯುತ್ತದೆ ಅಲ್ವಾ, ಇಲ್ಲಿ ಯಾಕೆ ಹಿಡಿಯಲಿಲ್ಲ? ಮೂರು ರಾತ್ರಿ ಇದರ ಹಿಂದೆ ಬಿದ್ದೆ.

ತಪ್ಪು ನಮ್ಮ ಫೈರ್‌ವಾಲ್‌ನಲ್ಲಿತ್ತು, ಅಂದರೆ ಸರ್ವರ್‌ಗೆ ಏನು ಬರಬಹುದು ಅಂತ ತೀರ್ಮಾನಿಸುವ ಕಾವಲಿನಲ್ಲಿ. ಐಪಿವಿ4 ಕಾಲದ ನಿಯಮವನ್ನೇ ಇಲ್ಲಿಗೂ ತಂದಿದ್ದೆ: ಪಿಂಗ್‌ನಂಥ ಕೆಲವನ್ನು ಬಿಟ್ಟು ಉಳಿದ ಐಸಿಎಂಪಿ (ದಾರಿಯ ತೊಂದರೆ ತಿಳಿಸುವಂಥ ಸಂದೇಶಗಳು) ಬಂದ್. ಐಪಿವಿ6ನಲ್ಲಿ ದಾರಿಯ ರೂಟರ್‌ಗಳು ದೊಡ್ಡ ಪ್ಯಾಕೆಟ್ಟನ್ನು (ಡೇಟಾ ಹೋಗುವ ತುಣುಕನ್ನು) ಒಡೆದು ಕಳಿಸುವುದಿಲ್ಲ. ಬೀಳಿಸಿ, "ಪ್ಯಾಕೆಟ್ ತುಂಬಾ ದೊಡ್ಡದು" ಅಂತ ಕಳಿಸಿದವರಿಗೆ ಹೇಳುತ್ತವೆ. ಆ ಮಾತು ಬರುವುದು ಐಸಿಎಂಪಿವಿ6ನಲ್ಲೇ. ನಾನು ಅದರ ಬಾಯಿ ಮುಚ್ಚಿಸಿದ್ದೆ. ಪುಟ ತೆರೆಯದವರ ದಾರಿಯಲ್ಲಿ ಒಂದು ಟನೆಲ್ (ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ದಾರಿ) ಇತ್ತು, ದೊಡ್ಡ ಪ್ಯಾಕೆಟ್ ಅಲ್ಲಿ ಹಿಡಿಸುತ್ತಿರಲಿಲ್ಲ. ಕನೆಕ್ಷನ್ ಶುರುವಾಗೋ ಪ್ಯಾಕೆಟ್‌ಗಳು ಚಿಕ್ಕವು, ಅವು ದಾಟುತ್ತವೆ. ಹಾಗಾಗಿ ಎಲ್ಲಾ ಸರಿಯಿದೆ ಅಂದುಕೊಂಡು ಬ್ರೌಸರ್ ಐಪಿವಿ4 ಕಡೆ ತಿರುಗಲೇ ಇಲ್ಲ. ಆ ಸಂದೇಶವನ್ನು ಬಿಡುವಂತೆ ಫೈರ್‌ವಾಲ್‌ನ ಒಂದು ಸಾಲು ಬದಲಿಸಿದ ಮೇಲೆ ಪುಟ ತಕ್ಷಣ ತೆರೆಯಿತು. ನೀವು ಬದಲಾಯಿಸೋದಾದರೆ ದಯವಿಟ್ಟು ಇದನ್ನೇ ಮೊದಲು ನೋಡಿ.

ಆರೂ ಜನ ಸೇರಿದ ದಿನ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರಿಗಿಂತ ಹೆಚ್ಚಾದರೆ ವಿಡಿಯೋ ಹೇಗೂ ಸರ್ವರ್ ಮೂಲಕವೇ ಹೋಗಬೇಕು. ಸರ್ವರ್‌ನ ಐಪಿವಿ4 ವಿಳಾಸದ ಬಾಡಿಗೆಯೂ ತಪ್ಪಿಲ್ಲ. ಯಾಕೆಂದರೆ ನಮ್ಮಲ್ಲಿ ಒಬ್ಬರ ಕಡೆ ಐಪಿವಿ6 ಇನ್ನೂ ಬಂದಿಲ್ಲ. ಅವರ ಸರದಿಯ ಬೆಳಿಗ್ಗೆ ಮತ್ತೆ ಅದೇ 'ಟರ್ನ್', ಮತ್ತೆ "ಇಲ್ಲ, ನೀವೇ ಹೇಳಿ".